ಓಡುವ ಕಾರಿನ ನಿಲ್ಲುವ ಕಷ್ಟ

ಮೇ ತಿಂಗಳ ಮೊದಲ ವಾರ ಬಂತೆಂದರೆ ಕುಂದಾಪುರದ ಬ್ಯಾಟರಿ ಅಂಗಡಿಗಳಿಗೆ ಸುಗ್ಗಿ. ಬೆಂಗಳೂರು, ಮುಂಬಯಿ, ಹೈದರಾಬಾದುಗಳಲ್ಲಿ ಹೋಟೆಲು ಇಟ್ಟವರು, ದುಬೈ, ಮಸ್ಕತ್ತಿನಲ್ಲಿ ನೌಕರಿಯಲ್ಲಿರುವವರು ಮದುವೆ, ಗೃಹಪ್ರವೇಶ, ಹರಕೆಯಾಟ ಎಂದು ಊರಿಗೆ ಬರುತ್ತಾರೆ. ಶೆಡ್ಡಿನ ಬಾಗಿಲು ತೆರೆದು, ಕಾರಿನ ಹೊದಿಕೆ ಎಳೆದು, ಸ್ಟಾರ್ಟ್ ಗುಂಡಿ ಒತ್ತುತ್ತಾರೆ. ಏನೂ ಆಗುವುದಿಲ್ಲ. ಒಳಗಿರುವುದು ನೂರೈವತ್ತು ಕುದುರೆಶಕ್ತಿಯ ಟರ್ಬೊ ಪೆಟ್ರೋಲ್ ಗಾಡಿ. ಅದನ್ನು ಅಂಗಳಕ್ಕೆ ಇಳಿಸುವುದು ಪಕ್ಕದ ಮನೆಯ ಹಳೇ ಓಮ್ನಿಯ ಬ್ಯಾಟರಿಯಿಂದ ಎಳೆದ ಎರಡು ವಯರು.

ಈ ದೃಶ್ಯವನ್ನು ಎಷ್ಟೋ ವರ್ಷಗಳಿಂದ ನೋಡುತ್ತಿರುವುದರಿಂದ, ನಮ್ಮೂರಿನ ವೇಗದ ಕಾರುಗಳ ಕುರಿತು ಬರೆಯಲು ಕೂತಾಗ ಓಟದಿಂದ ಶುರು ಮಾಡಲು ನನಗೆ ಮನಸ್ಸಾಗುವುದಿಲ್ಲ. ಬ್ರಹ್ಮಾವರದಿಂದ ಶಿರೂರಿನವರೆಗಿನ ಸುಮಾರು 60 ಕಿಲೋಮೀಟರಿನಲ್ಲಿ ಇಂಥ ಕಾರು ಕೊಳ್ಳುವುದು ಈಗ ದೊಡ್ಡ ಸಂಗತಿಯಲ್ಲ, ಓಡಿಸುವುದೂ ಅಲ್ಲ. ಕಷ್ಟವಿರುವುದು ನಿಲ್ಲುವುದರಲ್ಲಿ. ಶೆಡ್ಡಿನಲ್ಲಿ ಹನ್ನೊಂದು ತಿಂಗಳು ನಿಲ್ಲುವುದು ಒಂದು, ಹೆಮ್ಮಾಡಿ ಜಂಕ್ಷನ್ನಿನಲ್ಲಿ ಎಮ್ಮೆ ಅಡ್ಡ ಬಂದಾಗ ನಿಲ್ಲುವುದು ಇನ್ನೊಂದು.

ಯಾವ ಕಾರುಗಳು ಎಂದು ಕೇಳಬಹುದು. ಕೋಟಿಗಟ್ಟಲೆ ಬೆಲೆಯ ಕಾರುಗಳು ಈ ಕಡೆ ಬರುವುದು ಮದುವೆಗೆ ಬಂದ ನೆಂಟರ ಹಾಗೆ, ಎರಡು ದಿನ ಇದ್ದು ಹೋಗುತ್ತವೆ. ಊರಲ್ಲೇ ಉಳಿದ ವೇಗದ ಕಾರುಗಳದ್ದು ಬೇರೆ ವಂಶಾವಳಿ. ಹಳಬರಿಗೆ 2004ರಲ್ಲಿ ಬಂದ 150 ಕುದುರೆಶಕ್ತಿಯ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ನೆನಪಿದೆ. ಆಮೇಲೆ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ, 2015ರ ಫಿಯಟ್ ಪುಂಟೊ ಅಬಾರ್ತ್, ಈಗ ವರ್ಟಸ್ ಮತ್ತು ಸ್ಲಾವಿಯಾದ 1.5 ಲೀಟರ್ ಗಾಡಿಗಳು. ಪೋಲೊ ತಯಾರಿಕೆ 2022ರಲ್ಲಿ ನಿಂತಿತು, ಫಿಯಟ್ ಕಾರುಗಳು ಅದಕ್ಕೂ ಮುಂಚೆ. ಹಾಗಾಗಿ ಊರಿನ ಹುಡುಗರು ಹುಡುಕುವುದು ಬೆಂಗಳೂರು ಅಥವಾ ಮುಂಬಯಿಯ ಸೆಕೆಂಡ್ ಹ್ಯಾಂಡ್ ಗಾಡಿ. ಇವೆಲ್ಲಕ್ಕಿಂತ ಹೆಚ್ಚು ‘ಆಲ್ಟ್ರೇಷನ್’ ಕಂಡದ್ದು ಮಾತ್ರ 1.3 ಲೀಟರ್ ಡೀಸೆಲ್ ಸ್ವಿಫ್ಟ್. ಅದರ ಇಂಜಿನ್ ಕೂಡ ಮೂಲದಲ್ಲಿ ಫಿಯಟ್‌ನದ್ದೇ. ನನ್ನದೂ ಒಂದು ಅಂಥದ್ದೇ ಇತ್ತು. ಆ ಕಥೆ ಆಮೇಲೆ.

ವೇಗದ ಹುಚ್ಚು ಇಲ್ಲಿಗೆ ಕಾರಿನ ಜೊತೆ ಬಂದದ್ದಲ್ಲ ಎಂಬುದನ್ನೂ ಹೇಳಬೇಕು. ಮಂಗಳೂರಿನಲ್ಲಿ 1914ರಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪನಿ ಬಸ್ಸು ಬಿಡಲು ಶುರು ಮಾಡಿದಾಗಿನಿಂದ ಕರಾವಳಿಗೆ ವೇಗವೆಂದರೆ ಖಾಸಗಿ ಬಸ್ಸು. ಎಕ್ಸ್‌ಪ್ರೆಸ್ ಬಸ್ಸಿನ ಮುಂದಿನ ಸೀಟಿನಲ್ಲಿ ಕೂತು ಡ್ರೈವರನ ಗೇರು ನೋಡುತ್ತ ಬೆಳೆದ ತಲೆಮಾರು ನಮ್ಮದು. ಟೈಮ್ ಕೀಪರ್ ಕೈಯಲ್ಲಿ ಬೈಸಿಕೊಳ್ಳದೆ ಉಡುಪಿ ಮುಟ್ಟುವುದೇ ಆಗಿನ ರೇಸು.

ಮೊದಲು ಶೆಡ್ಡಿನ ಲೆಕ್ಕ. ಈಗಿನ ಕಾರು ಲಾಕ್ ಮಾಡಿಟ್ಟರೂ ಪೂರ್ತಿ ಮಲಗುವುದಿಲ್ಲ. ಅಲಾರಂ, ಕೀಲಿಯ ಸಂಕೇತಕ್ಕೆ ಕಿವಿಗೊಟ್ಟ ಪೆಟ್ಟಿಗೆ, ಗಡಿಯಾರ ಎಲ್ಲ ಸೇರಿ 50 ಮಿಲಿ ಆಂಪಿಯರ್ ಎಳೆದರೆ ದಿನಕ್ಕೆ 1.2 ಆಂಪಿಯರ್-ಗಂಟೆ ಖರ್ಚು. 60ರ ಬ್ಯಾಟರಿ ಐವತ್ತು ದಿನಕ್ಕೆ ಬರಿದು, ಇಂಜಿನ್ ತಿರುಗಿಸುವ ತಾಕತ್ತು ಅದರ ಅರ್ಧದಲ್ಲೇ ಮುಗಿದಿರುತ್ತದೆ. ಬರಿದಾಗಿ ಕೂತ ಬ್ಯಾಟರಿಯ ಸೀಸದ ಹಲಗೆಗಳ ಮೇಲೆ ಸಲ್ಫೇಟ್ ಹರಳುಗಟ್ಟಿ ಅದು ಮತ್ತೆ ಮೊದಲಿನಂತಾಗುವುದಿಲ್ಲ. ಹೊರಡುವ ದಿನ ಹತ್ತು ನಂಬರಿನ ಸ್ಪಾನರಿನಲ್ಲಿ ನೆಗೆಟಿವ್ ತಂತಿ ಬಿಚ್ಚಿಟ್ಟರೆ ಮುಗಿಯಿತು, ಎರಡು ನಿಮಿಷದ ಕೆಲಸ. ಇಪ್ಪತ್ತು ಲಕ್ಷದ ಕಾರಿನ ಯಜಮಾನರಿಗೆ ಅದು ಸಣ್ಣ ಕೆಲಸವೆಂದು ಕಾಣುತ್ತದೋ ಏನೋ.

ಇಲಿಯದ್ದು ಇನ್ನೊಂದು ಪರ್ವ. ಗದ್ದೆ ಬದಿಯ ಮನೆ, ಪಕ್ಕದಲ್ಲೇ ಬೈಹುಲ್ಲಿನ ಕುತ್ರಿ, ಶೆಡ್ಡಿನಲ್ಲಿ ಬೆಚ್ಚಗಿನ ಬಾನೆಟ್ಟು. ಇಲಿಗೆ ಇದಕ್ಕಿಂತ ಒಳ್ಳೆಯ ಬಾಣಂತಿ ಕೋಣೆ ಸಿಕ್ಕೀತೆ? ಹಳೇ ಅಂಬಾಸಿಡರ್‌ನಲ್ಲಿ ನಾಲ್ಕು ವಯರು ಕಡಿದರೆ ಎಲೆಕ್ಟ್ರಿಷಿಯನ್ ಟೇಪು ಸುತ್ತಿ ಕಳಿಸುತ್ತಿದ್ದ. ಈಗ ಒಂದು ಸೆನ್ಸಾರಿನ ತಂತಿ ತುಂಡಾದರೆ ಗಾಡಿ ಅರ್ಧ ಶಕ್ತಿಯಲ್ಲಿ ತೆವಳುತ್ತದೆ. ಕೆಲವು ಕಡೆ ಇಡೀ ವಯರಿಂಗ್ ಸರವನ್ನೇ ಬದಲಿಸಬೇಕೆನ್ನುತ್ತಾರೆ, ಬಿಲ್ಲು ಲಕ್ಷದ ಮೆಟ್ಟಿಲು ಹತ್ತುತ್ತದೆ. ಬಾನೆಟ್ಟಿನೊಳಗೆ ಹೊಗೆಸೊಪ್ಪಿನ ಕಟ್ಟು ಇಡುವ ನಮ್ಮೂರ ಮದ್ದು ಎಷ್ಟು ಕೆಲಸ ಮಾಡುತ್ತದೋ, ಬೈಹುಲ್ಲನ್ನು ದೂರ ಒಟ್ಟುವುದು ಖಂಡಿತ ಮಾಡುತ್ತದೆ.

ಪೆಟ್ರೋಲಿನ ವಿಷಯದಲ್ಲಿ ಬಂಕ್‌ಗಳ ಬಳಿ ಕೇಳುವ ಮಾತಿಗೂ ವಾಸ್ತವಕ್ಕೂ ಸ್ವಲ್ಪ ಅಂತರವಿದೆ. 2023ರಿಂದ ಹಂತಹಂತವಾಗಿ ಬಂದ ಶೇ 20 ಎಥನಾಲ್ ಬೆರೆಸಿದ ಇಂಧನವನ್ನು ಎಲ್ಲ ರೋಗಕ್ಕೂ ಕಾರಣ ಮಾಡುವವರಿದ್ದಾರೆ. ಎಥನಾಲ್‌ನಲ್ಲಿ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಪಾಲು ಕಡಿಮೆ, ಮೈಲೇಜು ಇಳಿಯುವುದು ನಿಜ. ಶೇ 10ಕ್ಕೆಂದು ಮಾಡಿದ ಹಳೇ ಗಾಡಿಗಳ ರಬ್ಬರು ಪೈಪುಗಳ ಮೇಲೆ ಕಣ್ಣಿಡಬೇಕು ಎಂಬುದೂ ನಿಜ. ಆದರೆ ಆಕ್ಟೇನ್ ಏರುವುದರಿಂದ ಟರ್ಬೊ ಇಂಜಿನ್ನಿಗೆ ಬಡಿತ ಕಡಿಮೆಯಾಗುತ್ತದೆ, ಅದು ಲಾಭವೇ. ತೊಂದರೆ ಬರುವುದು ನಿಂತ ಗಾಡಿಗೆ. ಎಥನಾಲ್ ನೀರು ಹೀರುತ್ತದೆ. ಟ್ಯಾಂಕು ಕಾಲುಭಾಗ ಮಾತ್ರ ತುಂಬಿದ್ದರೆ ಉಳಿದ ಮುಕ್ಕಾಲು ಭಾಗದಲ್ಲಿ ನಮ್ಮ ಕರಾವಳಿಯ ಒದ್ದೆ ಗಾಳಿ ಕೂತಿರುತ್ತದೆ. ನಿಲ್ಲಿಸಿ ಹೋಗುವವರು ಟ್ಯಾಂಕು ತುಂಬಿಸಿ ಹೋಗಲಿ.

ಈ ಎಲ್ಲದರ ತಾಯಿ ಉಪ್ಪು. ಮರವಂತೆಯಲ್ಲಿ ಒಂದು ಬದಿ ಸಮುದ್ರ, ಇನ್ನೊಂದು ಬದಿ ಸೌಪರ್ಣಿಕಾ, ನಡುವೆ ಹೆದ್ದಾರಿ 66. ಕಾರಿನ ಫೋಟೊ ತೆಗೆಯದೆ ಅಲ್ಲಿಂದ ದಾಟಿದವರು ಕಡಿಮೆ. ಆಷಾಢದಲ್ಲಿ ಅಲೆಯ ತುಂತುರು ರಸ್ತೆಗೇ ಬಂದು ಬೀಳುವ ಜಾಗ ಅದು. ಅಡುಗೆ ಉಪ್ಪು ಗಾಳಿಯ ತೇವಾಂಶ ಸುಮಾರು ಶೇ 75 ದಾಟಿದೊಡನೆ ತಾನೇ ನೀರೆಳೆದು ಒದ್ದೆಯಾಗುತ್ತದೆ. ನಮ್ಮಲ್ಲಿ ವರ್ಷದ ಬಹುಪಾಲು ರಾತ್ರಿ ತೇವಾಂಶ ಅದಕ್ಕಿಂತ ಮೇಲೆಯೇ ಇರುತ್ತದೆ. ಎಂದರೆ ಕಾರಿನ ಹೊಟ್ಟೆಗೆ ಹತ್ತಿದ ಉಪ್ಪಿನ ಪದರ ಒಣಗುವುದೇ ಇಲ್ಲ, ಬಿಸಿಲಿರುವ ಶೆಡ್ಡಿನಲ್ಲೂ ಅದು ಕೆಲಸ ಮಾಡುತ್ತಲೇ ಇರುತ್ತದೆ. ಬ್ರೇಕ್ ಡಿಸ್ಕು ಒಂದೇ ರಾತ್ರಿಗೆ ಕಾವಿ ಬಣ್ಣ ತಾಳುವುದು ಅದರ ಸಣ್ಣ ರೂಪ. ದೊಡ್ಡ ರೂಪ ಕಾಣುವುದು ಸೈಲೆನ್ಸರಿನ ಬೆಸುಗೆಯಲ್ಲಿ, ಸಸ್ಪೆನ್ಷನ್ನಿನ ಬೋಲ್ಟುಗಳಲ್ಲಿ. ಅಲ್ಯೂಮಿನಿಯಂ ಭಾಗಕ್ಕೆ ಕಬ್ಬಿಣದ ಬೋಲ್ಟು ಹೊಡೆದು ಕೂರಿಸಿದ ‘ಆಲ್ಟ್ರೇಷನ್’ ಇದ್ದರಂತೂ ಮುಗಿಯಿತು, ಎರಡು ಲೋಹ, ನಡುವೆ ಉಪ್ಪುನೀರು. ಅದು ಬೋಲ್ಟಲ್ಲ, ಸಣ್ಣದೊಂದು ಬ್ಯಾಟರಿ. ಕೋಡಿಯಲ್ಲಿ, ತ್ರಾಸಿಯಲ್ಲಿ ಮರಳಿಗೇ ಕಾರು ಇಳಿಸಿ ಅಲೆಯ ನೀರು ಹಾರಿಸುವವರ ವಿಷಯ ಏನು ಹೇಳುವುದು? ಅವರ ಕಾರನ್ನು ಎರಡು ವರ್ಷದ ನಂತರ ಕೊಳ್ಳುವ ಪುಣ್ಯಾತ್ಮನ ವಿಷಯದಲ್ಲಿ ನನಗೆ ಕನಿಕರ.

ಇದಕ್ಕೆ ಮದ್ದು ಗೊತ್ತಿರುವುದು ಷೋರೂಮಿನವರಿಗಲ್ಲ, ಗಂಗೊಳ್ಳಿಯ ದೋಣಿಯವರಿಗೆ. ಔಟ್‌ಬೋರ್ಡ್ ಇಂಜಿನ್ನಿಟ್ಟು ಮೀನಿಗೆ ಹೋಗುವವರು ದಡಕ್ಕೆ ಬಂದ ಮೇಲೆ ಇಂಜಿನ್ನಿಗೆ ಸಿಹಿನೀರು ಹಾಯಿಸುತ್ತಾರೆ. ಗ್ರೀಸಿನಲ್ಲಿ ಜಿಪುಣತನ ಮಾಡುವುದಿಲ್ಲ. ಬೋಲ್ಟು ಹಾಕುವ ಮುಂಚೆಯೇ ಬಿಚ್ಚುವ ದಿನದ ಯೋಚನೆ ಮಾಡಿರುತ್ತಾರೆ. ಕಾರಿಗೂ ಅಷ್ಟೇ ಬೇಕಾದದ್ದು: ಮೇಲ್ಮೈಗೆ ಹೊಳಪಿನ ಲೇಪ ಕೊಡುವ ಹಣದಲ್ಲಿ ಅರ್ಧವನ್ನು ಕೆಳಹೊಟ್ಟೆಯ ಲೇಪಕ್ಕೆ ಹಾಕುವುದು, ಸಮುದ್ರದ ಬದಿ ಹೋಗಿಬಂದ ದಿನ ಬಾವಿಯ ನೀರನ್ನು ಪೈಪಿನಲ್ಲಿ ಕೆಳಗಿನಿಂದ ಹಾಯಿಸುವುದು. ಪ್ಲಾಸ್ಟಿಕ್ ಹೊದಿಕೆ ಮಾತ್ರ ಬೇಡ. ಅದು ತೇವವನ್ನು ಒಳಗೇ ಕಟ್ಟಿಹಾಕುತ್ತದೆ. ಮಳೆಗಾಲ ಮುಗಿದು ತೆರೆದರೆ ಸ್ಟಿಯರಿಂಗಿನ ಮೇಲೆ ಬೂಷ್ಟು. ನಾಲ್ಕೂ ಬದಿ ಗಾಳಿಯಾಡುವ ಮಾಡಿನ ಕೆಳಗೆ ಬರಿಮೈಯಲ್ಲಿ ನಿಂತ ಕಾರೇ ವಾಸಿ.

ಕಂಬಳದ ಕೋಣ ಸಾಕಿದ ಮನೆಯವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಾಗಿಲ್ಲ. ವಂಡಾರಿನಲ್ಲೋ ಬಾರ್ಕೂರಿನಲ್ಲೋ ಕೆಲವೇ ಸೆಕೆಂಡುಗಳ ಓಟಕ್ಕೆ ವರ್ಷವಿಡೀ ಹುರುಳಿ, ಎಣ್ಣೆ, ಈಜು. ಓಟಕ್ಕೆ ಒಂದು ವಾರ ಇದೆಯೆನ್ನುವಾಗ ಕೊಟ್ಟಿಗೆಯಿಂದ ಬಿಚ್ಚಿ ತಂದರೆ ಯಾವ ಕೋಣವೂ ಓಡುವುದಿಲ್ಲ.

ಈಗ ರಸ್ತೆಗೆ ಬರೋಣ. ಹೆದ್ದಾರಿ ಚತುಷ್ಪಥವಾದ ಮೇಲೆ ವೇಗ ಎಲ್ಲರ ಕಾಲಿನಡಿಗೂ ಬಂತು. ವಿಭಜಕವಿರುವ ಚತುಷ್ಪಥದಲ್ಲಿ ಕಾರಿಗೆ ಗಂಟೆಗೆ 100 ಕಿಲೋಮೀಟರ್ ಎಂದು ಕೇಂದ್ರ ಸರಕಾರ 2018ರಲ್ಲಿ ಗರಿಷ್ಠ ಮಿತಿ ಹಾಕಿತು. ಸ್ಥಳೀಯ ಮಿತಿ ಅದಕ್ಕಿಂತ ಕಡಿಮೆ ಇರಬಹುದು. ಅದಿರಲಿ, ನೂರನ್ನೇ ತೆಗೆದುಕೊಳ್ಳಿ. ಸೆಕೆಂಡಿಗೆ 28 ಮೀಟರ್. ಕಂಡದ್ದು ತಲೆಗೆ ಹೋಗಿ ಕಾಲು ಬ್ರೇಕಿಗೆ ಬರುವ ಒಂದು ಸೆಕೆಂಡಿನಲ್ಲಿ ಅಷ್ಟು ದೂರ ಸಂದಿತು. ಆಮೇಲೆ ಒಣ ರಸ್ತೆಯಲ್ಲಿ ಇನ್ನು 50 ಮೀಟರ್, ಒದ್ದೆಯಲ್ಲಿ 80ರ ಆಸುಪಾಸು. 140ರಲ್ಲಿದ್ದರೆ ಒದ್ದೆ ರಸ್ತೆಯ ಬ್ರೇಕಿಗೇ 150 ಮೀಟರ್ ದಾಟುತ್ತದೆ. ಕೋಟ, ಸಾಲಿಗ್ರಾಮ, ತೆಕ್ಕಟ್ಟೆ, ಕುಂಭಾಶಿ, ಹೆಮ್ಮಾಡಿ, ನಾವುಂದ, ಉಪ್ಪುಂದ ಎಂದು ಹೆಸರು ಹೇಳಿ ಮುಗಿಸುವಷ್ಟರಲ್ಲಿ ಎಷ್ಟು ಕ್ರಾಸಿಂಗುಗಳು ಬಂದವು ನೋಡಿ. ಡಿವೈಡರಿನ ಸಂದಿನಿಂದ ಸ್ಕೂಟರು ಮೂತಿ ಹಾಕುತ್ತದೆ, ವಿರುದ್ಧ ದಿಕ್ಕಿನಲ್ಲಿ ಮೀನಿನ ಬೈಕು ಬರುತ್ತದೆ. ಅವರು ಮಾಡುವುದು ತಪ್ಪೇ, ಆದರೆ ಮುಂದಿನ ತಿರುವಿಗೆ ಎರಡು ಕಿಲೋಮೀಟರ್ ಸುತ್ತಬೇಕಾದ ಊರಿನವರ ಅನಿವಾರ್ಯ ತಪ್ಪು. ಹೆದ್ದಾರಿ ಊರನ್ನು ಸೀಳಿಕೊಂಡು ಹೋಗಿದೆ, ಊರು ಇನ್ನೂ ಒಂದೇ ಎಂದು ತಿಳಿದುಕೊಂಡಿದೆ.

ಮಳೆಗಾಲದ ಟೈರಿನ ವಿಷಯದಲ್ಲಿ ನಮ್ಮ ಹುಡುಗರ ಅಭಿರುಚಿ ಉಲ್ಟಾ ಇದೆ. ಅಗಲದ ಟೈರು, ತೆಳ್ಳಗಿನ ಅಂಚು, ದೊಡ್ಡ ಅಲಾಯ್ ಚಕ್ರ ನೋಡಲು ಚಂದ, ಒಣ ರಸ್ತೆಯಲ್ಲಿ ಹಿಡಿತವೂ ಚೆನ್ನ. ನಿಂತ ನೀರಿನ ಮೇಲೆ ಅಗಲದ ಟೈರೇ ಬೇಗ ತೇಲುತ್ತದೆ. ವಿಮಾನದ ಟೈರುಗಳ ಮೇಲೆ ನಾಸಾ ನಡೆಸಿದ ಪ್ರಯೋಗಗಳಿಂದ ಬಂದ ಲೆಕ್ಕವೊಂದಿದೆ: 32 ಪಿಎಸ್‌ಐ ಗಾಳಿಯಿರುವ ಟೈರು ಆಳ ನೀರಿನಲ್ಲಿ ಗಂಟೆಗೆ ಸುಮಾರು 94 ಕಿಲೋಮೀಟರಿಗೆ ರಸ್ತೆ ಬಿಡುತ್ತದೆ. ಗಾಡಿಯ ಟೈರಿನ ಗೀರುಗಳು ಆಳವಿದ್ದರೆ ಸ್ವಲ್ಪ ಬಚಾವು. ಗೀರು 1.6 ಮಿಲಿಮೀಟರಿಗೆ ಇಳಿದರೆ ಕಾನೂನಿನ ಲೆಕ್ಕದಲ್ಲೂ ಟೈರು ಮುಗಿಯಿತು. ತೇಲುವಾಗ ಎಬಿಎಸ್ಸೂ ಇಲ್ಲ, ಬ್ರೇಕೂ ಇಲ್ಲ. ಎರಡು ಕೈ ಸ್ಟಿಯರಿಂಗಿನ ಮೇಲಿಟ್ಟು ಆನೆಗುಡ್ಡೆಯ ಗಣಪತಿಯನ್ನು ನೆನೆಯುವುದು. ನಿಂತ ಗಾಡಿಯವರು ಇನ್ನೊಂದು ನೋಡಬೇಕು: ಟೈರಿನ ಪಕ್ಕದಲ್ಲಿ ನಾಲ್ಕಂಕಿ ಅಚ್ಚಾಗಿರುತ್ತದೆ. 3219 ಎಂದಿದ್ದರೆ 2019ರ 32ನೇ ವಾರದ್ದು. ಗೀರು ಹೊಸದರಂತಿದ್ದರೂ ರಬ್ಬರು ಮುದಿಯಾಗಿ ಗಟ್ಟಿಯಾಗಿರುತ್ತದೆ.

ಬ್ರೇಕಿನ ಪರೀಕ್ಷೆ ಘಾಟಿಯಲ್ಲಿ. ಕುಂದಾಪುರದಿಂದ ಶಿವಮೊಗ್ಗಕ್ಕೆ ಹೊಸಂಗಡಿ ದಾಟಿ ಬಾಳೆಬರೆ ಎಂದೂ ಕರೆಯುವ ಹುಲಿಕಲ್, ಕೊಲ್ಲೂರಿನಿಂದ ನಾಗೋಡಿ, ಬ್ರಹ್ಮಾವರದ ಕಡೆಯವರಿಗೆ ಹೆಬ್ರಿಯ ಮೇಲೆ ಹದಿನಾಲ್ಕು ತಿರುವಿನ ಆಗುಂಬೆ. ಪವರಿನ ಗಾಡಿ ಇದ್ದವರು ಹತ್ತುವಾಗಿನ ಸುಖವನ್ನು ವರ್ಣಿಸುತ್ತಾರೆ. ನಾನು ಕೇಳುವುದು ಇಳಿದ ಕಥೆ. ಡಾಟ್ 4 ಬ್ರೇಕ್ ಆಯಿಲ್ ಹೊಸತಿದ್ದಾಗ ಕುದಿಯುವುದು ಕನಿಷ್ಠ 230 ಡಿಗ್ರಿಗೆ. ಅದೂ ಗಾಳಿಯ ತೇವ ಹೀರುವ ಜಾತಿಯದ್ದು; ಶೇ 3.7 ನೀರು ಸೇರಿದರೆ ಆ ಮಿತಿ 155ಕ್ಕೆ ಇಳಿಯುತ್ತದೆ. ನಮ್ಮ ಹವೆಯಲ್ಲಿ ಎರಡು ವರ್ಷಕ್ಕೊಮ್ಮೆ ಬದಲಿಸಲೇಬೇಕು. ಬದಲಿಸದೆ, ಎರಡನೇ ಗೇರಿಗೂ ಹಾಕದೆ, ಬ್ರೇಕನ್ನೇ ನಂಬಿ ಇಳಿದರೆ ಕೊನೆಯ ತಿರುವುಗಳಲ್ಲಿ ಪೆಡಲು ಹತ್ತಿಯಂತೆ ಮೆತ್ತಗಾಗುತ್ತದೆ. ನನ್ನ ಸ್ವಿಫ್ಟಿನಲ್ಲಿ ಒಮ್ಮೆ ಹಾಗಾಯಿತು. ಸರ್ವಿಸಿನ ಬಿಲ್ಲಿನಲ್ಲಿ ‘ಬ್ರೇಕ್ ಆಯಿಲ್ ಬದಲಿಸಿದೆ’ ಎಂದು ಬರೆದು ದುಡ್ಡು ತೆಗೆದುಕೊಂಡಿದ್ದರು, ಡಬ್ಬಿ ತೆರೆದರೆ ಆಯಿಲ್ ಬೆಲ್ಲದ ನೀರಿನ ಬಣ್ಣ. ಹುಲಿಕಲ್ಲಿನ ಚಂಡಿಕಾಂಬೆಯ ಎದುರು ಗಾಡಿ ನಿಲ್ಲಿಸಿ ಕಾಣಿಕೆ ಹಾಕುವ ಹಳಬರ ಪದ್ಧತಿಗೆ ಭಕ್ತಿಯಲ್ಲದೆ ಇನ್ನೊಂದು ಉಪಯೋಗವೂ ಇದೆ, ಐದು ನಿಮಿಷ ಬ್ರೇಕು ತಣಿಯುತ್ತದೆ.

ಹೀಗಿರುವಾಗ ‘ಆಲ್ಟ್ರೇಷನ್’ ಎಲ್ಲಿಂದ ಶುರುವಾಗಬೇಕು? ಒಳ್ಳೆಯ ಟೈರು, ಒಳ್ಳೆಯ ಬ್ರೇಕ್ ಪ್ಯಾಡು, ಹೊಸ ಆಯಿಲ್, ಸಡಿಲವಾಗದ ಸಸ್ಪೆನ್ಷನ್ ಬುಷ್ಷುಗಳು. ಇಷ್ಟಾದ ಮೇಲೆ ಉಳಿದದ್ದು. ಶುರುವಾಗುವುದು ಮಾತ್ರ ಸೈಲೆನ್ಸರಿನಿಂದ, ಏಕೆಂದರೆ ಬ್ರೇಕ್ ಪ್ಯಾಡು ಪೇಟೆಯಲ್ಲಿ ಯಾರಿಗೂ ಕೇಳಿಸುವುದಿಲ್ಲ.

ಎರಡನೆಯದು ರೀಮ್ಯಾಪ್. ಇಂಜಿನ್ನಿನ ಕಂಪ್ಯೂಟರಿಗೆ ಹೊಸ ಲೆಕ್ಕ ತುಂಬಿ ಟರ್ಬೊದ ಒತ್ತಡ, ಇಂಧನ, ಕಿಡಿಯ ಸಮಯ ಬದಲಿಸುವುದು. ಟರ್ಬೊ ಗಾಡಿಗೆ ಶೇ 20ರಿಂದ 30 ಶಕ್ತಿ ಒಂದು ಮಧ್ಯಾಹ್ನದಲ್ಲಿ ಸಿಗುತ್ತದೆ. ಟರ್ಬೊ ಇಲ್ಲದ ಇಂಜಿನ್ನಿಗೆ ಸಿಗುವುದು ಹೆಚ್ಚಾಗಿ ಸಮಾಧಾನ. ಕಂಪ್ಯೂಟರು ಒಪ್ಪಿತೆಂದು ಕಬ್ಬಿಣ ಒಪ್ಪಬೇಕಲ್ಲ? ವರ್ಟಸ್, ಸ್ಲಾವಿಯಾಗಳ 1.5 ಲೀಟರ್ ಇಂಜಿನ್ ಕೊಡುವ ಟಾರ್ಕು 250 ನ್ಯೂಟನ್ ಮೀಟರ್. ಅದಕ್ಕೆ ಜೋಡಿಸಿದ ಒಣ ಕ್ಲಚ್ಚಿನ ಡಿಎಸ್‌ಜಿ ಗೇರ್‌ಬಾಕ್ಸು ತಾಳುವಂತೆ ಮಾಡಿರುವುದೂ 250ಕ್ಕೇ. ಕಂಪನಿಯವರು ಅಂಚಿಗೆ ತಂದು ನಿಲ್ಲಿಸಿದ್ದಾರೆ, ಒಂದು ಹೆಜ್ಜೆ ಮುಂದಿಟ್ಟರೆ ಆಚೆ ಕಡೆ ಕ್ಲಚ್ಚಿನ ಬಿಲ್ಲು. ರೀಮ್ಯಾಪ್ ಮಾಡಿದ ಗಾಡಿಗೆ ವಾರಂಟಿಯ ಬಾಗಿಲು ಮುಚ್ಚುತ್ತದೆ. ತಿಳಿಸದೆ ಮಾಡಿದ ಬದಲಾವಣೆ ಕಂಡರೆ ವಿಮೆಯವರೂ ಕೈಯೆತ್ತಬಹುದು. ವಿಮೆಯ ಮಾತು ಬಂದಾಗ ಇನ್ನೊಂದು: ನೆರೆನೀರಿನಲ್ಲಿ ಇಂಜಿನ್ ನೀರು ಕುಡಿದು ನಿಂತರೆ ಸಾಮಾನ್ಯ ಪಾಲಿಸಿ ಅದನ್ನು ಕೊಡುವುದಿಲ್ಲ, ಇಂಜಿನ್ ರಕ್ಷಣೆಯ ಪ್ರತ್ಯೇಕ ಸೇರ್ಪಡೆ ಬೇಕು. ಗಾಳಿ ಎಳೆಯುವ ಫಿಲ್ಟರನ್ನು ಬಂಪರಿನ ಕೆಳಗೆ ಇಳಿಸಿದ ಶೂರರು ಜುಲೈಯಲ್ಲಿ ಇದನ್ನು ನೆನೆಯಲಿ. ಗಾಡಿ ತಗ್ಗಿಸುವ ಸ್ಪ್ರಿಂಗಿನ ಬಗ್ಗೆ ಒಂದೇ ಮಾತು: ನಿಮ್ಮ ಪಂಚಾಯತಿನ ಹಂಪ್ಸನ್ನೂ ಮನೆ ಓಣಿಯ ಮೋರಿಯನ್ನೂ ಅಳೆದು ಆಮೇಲೆ ಕೊಳ್ಳಿ.

ಕಾನೂನು ಈ ವಿಷಯದಲ್ಲಿ ಬಹುತೇಕರು ತಿಳಿದದ್ದಕ್ಕಿಂತ ಕಟು. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರು ಮೂಲತಃ ನಮೂದಿಸಿದ ವಿವರಕ್ಕೆ ವಿರುದ್ಧವಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ. ಕೇರಳದಿಂದ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಅದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಪ್ರತಿ ಬದಲಾವಣೆಗೆ ₹5,000 ದಂಡ ಅಥವಾ ಆರು ತಿಂಗಳವರೆಗೆ ಸಜೆ, ಅಥವಾ ಎರಡೂ ಎಂದಿತು. ಶಬ್ದಕ್ಕೆ ಬೇರೆ ಕಲಮು, ₹10,000ದವರೆಗೆ. ಶಿವಮೊಗ್ಗದ ಪೊಲೀಸರು ಕರ್ಕಶ ಸೈಲೆನ್ಸರುಗಳನ್ನು ಸಾಲಾಗಿಟ್ಟು ರೋಡ್ ರೋಲರ್ ಹತ್ತಿಸಿದ್ದುಂಟು. ನನ್ನ ತಕರಾರು ಇಷ್ಟೇ: ಇದೇ ಕಾನೂನಿನ ಕಣ್ಣಿಗೆ ಉತ್ತಮ ಬ್ರೇಕು ಹಾಕಿಸಿದವನೂ ಕಿವಿ ಹರಿಯುವ ಪೈಪು ಹಾಕಿಸಿದವನೂ ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಜರ್ಮನಿಯಲ್ಲಿ ಬದಲಿಸಿದ ಭಾಗವನ್ನು ಪರೀಕ್ಷಿಸಿ ಒಪ್ಪಿಗೆಯ ಕಾಗದ ಕೊಡುವ ವ್ಯವಸ್ಥೆಯಿದೆ. ಇಲ್ಲಿ ಆರ್‌ಟಿಒ ಮೆಟ್ಟಿಲು ಹತ್ತಿ ಕೇಳಲು ಹೊರಟ ಪ್ರಾಮಾಣಿಕನೇ ಪೆದ್ದನಾಗುತ್ತಾನೆ.

ತೆರಿಗೆಯದ್ದು ಸಂಕ್ಷೇಪದಲ್ಲಿ. ಕರ್ನಾಟಕದ ಆಜೀವ ತೆರಿಗೆ ಹತ್ತರಿಂದ ಇಪ್ಪತ್ತು ಲಕ್ಷದ ಕಾರಿಗೆ ಶೇ 17, ಅದರ ಮೇಲೆ ಶೇ 18, ಸೆಸ್ಸು ಬೇರೆ. ಹದಿನೆಂಟು ಲಕ್ಷದ ಗಾಡಿಗೆ ₹3,06,000 ತೆರಿಗೆಯೇ ಆಯಿತು. ಮೇ ತಿಂಗಳಲ್ಲಿ ನಮ್ಮ ಓಣಿಗಳಲ್ಲಿ ಕೆಎ 20ಕ್ಕಿಂತ ಎಂಎಚ್ ನಂಬರು ಹೆಚ್ಚು ಕಾಣುವುದಕ್ಕೆ ಮುಂಬಯಿಯ ಪ್ರೀತಿ ಒಂದೇ ಕಾರಣವಲ್ಲ. ಹನ್ನೆರಡು ತಿಂಗಳಿಗೂ ಮೀರಿ ಇಲ್ಲೇ ಇದ್ದರೆ ಇಲ್ಲಿನ ನಂಬರು ಪಡೆಯಬೇಕು ಎಂಬುದು ನಿಯಮ. ಗಾಡಿ ಯಾವ ತಾರೀಕಿಗೆ ಬಂತೆಂದು ಹೇಳಲು ಶೆಡ್ಡಿಗೆ ಬಾಯಿಲ್ಲ.

ಇಷ್ಟೆಲ್ಲ ಮಾಡಿ ಪೂರ್ತಿ ಓಡಿಸುವುದೆಲ್ಲಿ? ಹತ್ತಿರದ ರೇಸ್ ಟ್ರ್ಯಾಕು ಕೊಯಮತ್ತೂರಿನ ಕರಿ ಸ್ಪೀಡ್‌ವೇ, ಐನೂರು ಕಿಲೋಮೀಟರಿನ ಹತ್ತಿರ. ಚೆನ್ನೈ ಇನ್ನೂ ದೂರ. ಘಾಟಿಯ ಮೇಲೆ ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಏಷ್ಯಾ ಪೆಸಿಫಿಕ್ ಮಟ್ಟದ ರ‍್ಯಾಲಿ ನಡೆದಿದೆ. ಪ್ರತಿಭೆಗೇನೂ ಬರವಿಲ್ಲ. ಕಾಸರಗೋಡಿನ ಮೂಸಾ ಶರೀಫ್ ದೇಶದ ಹೆಸರಾಂತ ರ‍್ಯಾಲಿ ಸಹಚಾಲಕ. ಉಡುಪಿಯ ಅರವಿಂದ್ ಕೆ.ಪಿ. 2019ರಲ್ಲಿ ಬೈಕಿನಲ್ಲಿ ಡಕಾರ್ ರ‍್ಯಾಲಿ ಮುಗಿಸಿ ಬಂದವರು. ಮಣಿಪಾಲದ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಫಾರ್ಮುಲಾ ಸ್ಪರ್ಧೆಗೆ ತಾವೇ ಕಾರು ಕಟ್ಟುತ್ತಾರೆ. ಆದರೂ ಕುಂದಾಪುರದ ಇಪ್ಪತ್ತೆರಡರ ಹುಡುಗನಿಗೆ ಸಿಗುವ ಟ್ರ್ಯಾಕು ರಾತ್ರಿ ಹನ್ನೊಂದರ ಹೆದ್ದಾರಿ ಮಾತ್ರ. ಒಂದು ಖಾಲಿ ಮೈದಾನದಲ್ಲಿ ಕೋನುಗಳನ್ನಿಟ್ಟು, ಹೆಲ್ಮೆಟ್ಟು ಹಾಕಿಸಿ, ಆಂಬುಲೆನ್ಸು ನಿಲ್ಲಿಸಿ ವರ್ಷಕ್ಕೆ ನಾಲ್ಕು ಭಾನುವಾರ ಆಟೊಕ್ರಾಸ್ ನಡೆಸಿದರೆ ಎಷ್ಟೋ ತಾಯಂದಿರು ನೆಮ್ಮದಿಯಾಗಿ ಮಲಗಿಯಾರು.

ಗ್ಯಾರೇಜಿನ ಮಾತು ಕೊನೆಗೆ ಉಳಿಯಿತು, ನಿಜವಾಗಿ ಮೊದಲು ಬರಬೇಕಿತ್ತು. ಕಂಪನಿಯ ಸರ್ವಿಸಿಗೆ ಉಡುಪಿ ಅಥವಾ ಮಂಗಳೂರಿಗೆ ಹೋಗಬೇಕು, ಸ್ಪೇರು ಬೆಂಗಳೂರಿನ ಜೆ.ಸಿ. ರಸ್ತೆಯಿಂದ ರಾತ್ರಿ ಬಸ್ಸಿನ ಡಿಕ್ಕಿಯಲ್ಲಿ ಬರುತ್ತದೆ. ಬೆಳಿಗ್ಗೆ ಶಾಸ್ತ್ರಿ ಸರ್ಕಲ್ಲಿನಲ್ಲಿ ಪಾರ್ಸೆಲ್ ಬಿಡಿಸಿಕೊಂಡು ಹತ್ತು ಗಂಟೆಗೆ ಕೆಲಸ ಹಿಡಿಯುವ ಮೆಕ್ಯಾನಿಕ್ಕುಗಳು ನಮ್ಮಲ್ಲಿದ್ದಾರೆ. ಕಾರು ಕೊಳ್ಳುವ ಮುಂಚೆ ಅಂಥವರೊಬ್ಬರನ್ನು ಹುಡುಕಿಕೊಳ್ಳಿ. ಸ್ಕ್ಯಾನರು ಹಾಕಿದ ಕೂಡಲೇ ಕಾಣಿಸಿದ ಭಾಗವನ್ನೆಲ್ಲ ಬದಲಿಸಿ ಎನ್ನುವವರಲ್ಲ, ಕೋಡು ಓದಿದ ಮೇಲೂ ಬಗ್ಗಿ ವಯರು ಮುಟ್ಟಿ ನೋಡುವವರು ಬೇಕು.

ಹೋದ ಜೂನಿನ ಮೊದಲ ವಾರ, ಮರುದಿನ ಮುಂಬಯಿಗೆ ಹೊರಡಲಿದ್ದ ಸ್ನೇಹಿತರೊಬ್ಬರ ಮನೆಯಲ್ಲಿದ್ದೆ. ಟ್ಯಾಂಕು ತುಂಬಿಸಿ ಆಗಿತ್ತು, ಕೆಳಹೊಟ್ಟೆ ತೊಳೆದಾಗಿತ್ತು, ಟೈರಿಗೆ ನಾಲ್ಕು ಪಾಯಿಂಟು ಗಾಳಿ ಹೆಚ್ಚಿಗೆ ಹಾಕಿಸಿದ್ದರು. ಬ್ಯಾಟರಿ ತಂತಿ ಬಿಚ್ಚಬೇಕೆನ್ನುವಾಗ ಅವರ ಭಾವ, ವಾರಕ್ಕೊಮ್ಮೆ ತಾನೇ ನೋಡಿಕೊಳ್ಳುತ್ತೇನೆ ಎಂದು ಕೀಲಿ ಕೇಳಿದರು.

“ಸ್ಟಾರ್ಟ್ ಮಾಡಿ ಐದ್ ನಿಮಿಷ ಬಿಟ್ರೆ ಸಾಕಲ್ದಾ ಭಾವಾ?”

“ಸಾಕಾತಿಲ್ಲ ಮಾರಾಯ. ಇಂಜಿನ್ ಬಿಸಿ ಆಯ್ಕ್, ತ್ರಾಸಿ ತನ್ಕ ಹೋಯ್ ಬಾ.”

ಕೀಲಿ ಕೈಗೆ ಬಿದ್ದದ್ದೇ ಭಾವನ ಮುಖ ಅರಳಿದ್ದು ನೋಡಿ, ಸ್ನೇಹಿತರು ಅರ್ಧ ನಿಮಿಷ ಸುಮ್ಮನಿದ್ದು ಹೇಳಿದರು: “ಮೆಲ್ಲಗ್ ಹೋಗ್.”